ಆಫೀಸಿನ ಫೈರ್‌ವಾಲ್ ದಾಟಿ ಮನೆಯಿಂದ ಟ್ಯಾಲಿ ನೋಡೋದು ಹೇಗೆ? 3389 ಪೋರ್ಟ್ ತೆರೀಬೇಕಾ, ಬೇಡ್ವಾ?

ಕಾಫಿ ಲೆಕ್ಕ:
ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ಒಂದು ಕಾಫಿ, ಕರಿಮೆಣಸು ವ್ಯಾಪಾರದ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಒಂಬತ್ತು ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್, ಅದರಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ. ಕಂಪ್ಯೂಟರ್ ಗೊತ್ತಿದೆ ಅನ್ನುವ ಒಂದೇ ತಪ್ಪಿಗೆ ನೆಟ್‌ವರ್ಕ್ ಕೂಡ ನನ್ನ ತಲೆಗೇ ಕಟ್ಟಿದ್ದಾರೆ. ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡರೂ ನಾನೇ ಹೋಗಬೇಕು.

ವಿಷಯ ಏನೆಂದರೆ, ಮಳೆಗಾಲ ಶುರುವಾಗಿದೆ. ನಮ್ಮ ಮನೆ ಶ್ರೀಮಂಗಲದ ಕಡೆ. ರಸ್ತೆಗೆ ಮರ ಬಿದ್ದರೆ ಆ ದಿನ ಆಫೀಸಿಲ್ಲ. ಮನೆಯಿಂದಲೇ ಟ್ಯಾಲಿ ನೋಡುವ ಹಾಗೆ ಆದರೆ ಸಾಕು. ಮೈಸೂರಿನ ಆಡಿಟರ್ ಕೂಡ "ನನಗೂ ಒಂದು ಲಾಗಿನ್ ಕೊಡಿ" ಅಂತ ಹಿಂದೆ ಬಿದ್ದಿದ್ದಾರೆ.

ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಹಾಕಿದೆ. ಆಫೀಸಿನ ನೆಟ್‌ನಲ್ಲಿ ಅದು ಕನೆಕ್ಟೇ ಆಗುವುದಿಲ್ಲ, ಸುಮ್ನೆ ಸುತ್ತುತ್ತಾ ಇರುತ್ತದೆ. ಅದೇ ಕಂಪ್ಯೂಟರಿಗೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟರೆ ಎರಡು ಸೆಕೆಂಡಿನಲ್ಲಿ ರೆಡಿ. ಆಫೀಸಿನ ನೆಟ್ ಕಾಯುವ ಫೈರ್‌ವಾಲ್ ಡಬ್ಬ ಹಾಕಿ ಹೋದವರು ಫೋನ್ ಎತ್ತಿದರೆ ಪುಣ್ಯ. ನಿನ್ನೆ ಎತ್ತಿದರು. "ಫೈರ್‌ವಾಲ್ ಆಫ್ ಮಾಡಿ ನೋಡಿ. ಇಲ್ಲಾಂದ್ರೆ 3389 ಪೋರ್ಟ್ ಫಾರ್ವರ್ಡ್ ಮಾಡಿ, ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ ನೇರ ಸಿಗುತ್ತೆ" ಅಂದರು. ಮಾಡಬಹುದಾ?

ಮಡಿಕೇರಿ ಮಂಜು:
ಬೇಡ. ಬೇಡ. ಬೇಡ.

ಹೋಂಸ್ಟೇ ಹುಡುಗ:
ಮಂಜು ಅವರೇ, ಯಾಕೆ ಅಂತಲೂ ಹೇಳಿ. ನಾನು ಮೂರು ವರ್ಷದಿಂದ ಹಾಗೇ ಇಟ್ಟಿದ್ದೇನೆ. ಪೋರ್ಟ್ ಮಾತ್ರ 3389 ಬದಲು 33890 ಮಾಡಿದ್ದೇನೆ. ಏನೂ ಆಗಿಲ್ಲ.

ಹಳೇ ಮೋಡೆಮ್:
ಏನೂ ಆಗಿಲ್ಲವೋ, ಆಗಿದ್ದು ಗೊತ್ತಾಗಿಲ್ಲವೋ? ಅದಕ್ಕೆ ಆಮೇಲೆ ಬರೋಣ. ಮೊದಲು ಪ್ರಶ್ನೆ ಕೇಳಿದವರಿಗೆ ಉತ್ತರ.

ಇಲ್ಲಿ ಎರಡು ಬೇರೆ ಬೇರೆ ಸಂಗತಿ ಕಲಸಿಹೋಗಿವೆ. ತೋಟದ ಗೇಟು ಅಂದುಕೊಳ್ಳಿ. ನಿಮ್ಮದೇ ಜೀಪು ಹೊರಗೆ ಹೋಗುತ್ತದೆ, ಸಂತೆ ಮುಗಿಸಿ ವಾಪಸ್ ಬರುತ್ತದೆ. ಗೇಟಿನವನಿಗೆ ಆ ಜೀಪಿನ ಗುರುತಿದೆ, ಬಿಡುತ್ತಾನೆ. ಗುರುತಿಲ್ಲದ ಜೀಪು ಬಂದು ಹಾರ್ನ್ ಹೊಡೆದರೆ ತೋಟದ ಲೆಕ್ಕ ನೋಡುವ ರೈಟರನ್ನು ಕೇಳದೆ ಬಿಡುವುದಿಲ್ಲ. ಎನಿಡೆಸ್ಕ್, ಟೀಮ್‌ವ್ಯೂವರ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಇವೆಲ್ಲ ಮೊದಲನೇ ಜಾತಿ. ಆಫೀಸಿನ ಕಂಪ್ಯೂಟರೇ ಹೊರಗೆ ಹೋಗಿ ಕಂಪನಿಯ ಸರ್ವರ್ ಹತ್ತಿರ ಕಾಯುತ್ತಾ ನಿಲ್ಲುತ್ತದೆ. ನೀವು ಮನೆಯಿಂದ ಅಲ್ಲಿಗೇ ಹೋಗುತ್ತೀರಿ. ಭೇಟಿ ಹೊರಗೆ. ಹಾಗಾಗಿ ಒಳಗೆ ಬರುವ ಬಾಗಿಲು ಒಂದನ್ನೂ ತೆಗೆಯುವುದು ಬೇಡ.

3389 ಅನ್ನುವುದು ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು ನಂಬರ್. ಅದನ್ನು ಹೊರಗಿನಿಂದ ಒಳಗೆ ಫಾರ್ವರ್ಡ್ ಮಾಡುವುದು ಎಂದರೆ ಗೇಟು ತೆಗೆದಿಟ್ಟು, ಬಂದವರೆಲ್ಲ ಬಂಗಲೆಯ ಮೆಟ್ಟಿಲ ತನಕ ಬರಲಿ, ಬೀಗ ಗಟ್ಟಿ ಇದೆ ಅನ್ನುವುದು. 2019ರ ಮೇನಲ್ಲಿ ಈ ರಿಮೋಟ್ ಡೆಸ್ಕ್‌ಟಾಪಿನಲ್ಲೇ ಬ್ಲೂಕೀಪ್ ಅನ್ನುವ ದೋಷ ಹೊರಗೆ ಬಂತು. ಅದಕ್ಕೆ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ಮೈಕ್ರೋಸಾಫ್ಟ್ 2014ರಲ್ಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಆಗ ಪ್ಯಾಚ್ ಕೊಟ್ಟಿತು. ಅಷ್ಟು ಹೆದರಿದ್ದರು.

ಕರಿಮೆಣಸು:
ಹೊರಗೆ ಹೋಗುವುದಕ್ಕೆ ಯಾವ ಪೋರ್ಟ್ ಬೇಕು? ಟೀಮ್‌ವ್ಯೂವರ್‌ಗೆ 5938 ಒಳಗೆ ತೆಗೀಬೇಕು ಅಂತ ನಮ್ಮ ಐಟಿಯವರು ತೆಗೆದಿಟ್ಟಿದ್ದಾರೆ.

ಕುಶಾಲನಗರ ಕೇಬಲ್:
ಒಳಗೆ ಅಲ್ಲ, ಹೊರಗೆ. ಇವತ್ತೇ ಮುಚ್ಚಿಸಿ. ಟೀಮ್‌ವ್ಯೂವರ್ ಮೊದಲು 5938ರಲ್ಲಿ ಹೊರಗೆ ಹೋಗಿ ನೋಡುತ್ತದೆ, ಆಗದಿದ್ದರೆ 443, ಅದೂ ಆಗದಿದ್ದರೆ 80. ಎನಿಡೆಸ್ಕ್ 80, 443, 6568. ಈ ಮೂರರಲ್ಲಿ ಒಂದು ಹೊರಗೆ ಬಿಟ್ಟರೂ ಸಾಕು. 443 ಅಂತೂ ಎಲ್ಲಾ ಆಫೀಸಲ್ಲೂ ಬಿಟ್ಟೇ ಇರುತ್ತದೆ, ಇಲ್ಲದಿದ್ದರೆ ಬ್ಯಾಂಕ್ ವೆಬ್‌ಸೈಟೇ ತೆರೆಯುವುದಿಲ್ಲ.

ಅಂದರೆ ಕಾಫಿ ಲೆಕ್ಕ ಅವರದ್ದು ಪೋರ್ಟಿನ ಸಮಸ್ಯೆ ಅಲ್ಲ. ಹಾಟ್‌ಸ್ಪಾಟಿನಲ್ಲಿ ಬರುತ್ತದೆ ಅಂದಮೇಲೆ ಕಂಪ್ಯೂಟರ್ ಸರಿ ಇದೆ, ತಡೆಯುತ್ತಿರುವುದು ಡಬ್ಬವೇ. ಆ ಡಬ್ಬದಲ್ಲಿ ಅಪ್ಲಿಕೇಶನ್ ಫಿಲ್ಟರ್ ಅಂತ ಒಂದು ಪೇಜ್ ಇರುತ್ತದೆ. ರಿಮೋಟ್ ಆಕ್ಸೆಸ್ ಅನ್ನುವ ಗುಂಪನ್ನೇ ಪೂರ್ತಿ ತಡೆದಿರುತ್ತಾರೆ. ಡಬ್ಬದ ದಾಖಲೆ, ಅಂದರೆ ಲಾಗ್ ತೆರೆದು ನಿಮ್ಮ ಕಂಪ್ಯೂಟರಿನ ಐಪಿ ವಿಳಾಸ ಹಾಕಿ, ಡಿನೈ (ತಡೆದದ್ದು) ಅಂತ ಇರೋ ಸಾಲು ಹುಡುಕಿ.

ಬೆಂಗಳೂರಲ್ಲಿ ಕೊಡಗಿನವ:
ಇನ್ನೊಂದು ಇರಬಹುದು. ಎಚ್‌ಟಿಟಿಪಿಎಸ್ ಇನ್‌ಸ್ಪೆಕ್ಷನ್. ಡಬ್ಬ ಮಧ್ಯ ನಿಂತು ಪ್ರತಿ ಲಕೋಟೆ ಒಡೆದು ಓದಿ, ತನ್ನ ಸೀಲು ಹಾಕಿ ಮುಂದೆ ಕಳಿಸುತ್ತದೆ. ಬ್ರೌಸರ್ ಒಪ್ಪಿಕೊಳ್ಳುತ್ತದೆ, ಯಾಕೆಂದರೆ ಡಬ್ಬದ ಸರ್ಟಿಫಿಕೇಟನ್ನು ವಿಂಡೋಸಿಗೆ ಹಾಕಿಟ್ಟಿರುತ್ತಾರೆ. ರಿಮೋಟ್ ಸಾಫ್ಟ್‌ವೇರ್ ಒಪ್ಪುವುದಿಲ್ಲ. ತನ್ನ ಸರ್ವರಿನ ಸೀಲೇ ಬೇಕು ಅನ್ನುತ್ತದೆ. ಪೋರ್ಟ್ ತೆರೆದೇ ಇರುತ್ತದೆ, ಆದರೂ ಕನೆಕ್ಟ್ ಆಗಲ್ಲ. ಇದಕ್ಕೆ ನಾನು ಒಂದು ಇಡೀ ಶುಕ್ರವಾರ ಹಾಳು ಮಾಡಿದ್ದೇನೆ.

ಮದ್ದು: ಆ ಸಾಫ್ಟ್‌ವೇರಿನ ಸರ್ವರ್ ಹೆಸರನ್ನು ಇನ್‌ಸ್ಪೆಕ್ಷನ್‌ನಿಂದ ಹೊರಗಿಡುವುದು. ಎನಿಡೆಸ್ಕ್‌ಗೆ ನೆಟ್ ಡಾಟ್ ಎನಿಡೆಸ್ಕ್ ಡಾಟ್ ಕಾಮ್, ಅದರ ಶುರುವಿನಲ್ಲಿ ನಕ್ಷತ್ರ, ಡಾಟ್ ಹಾಕಿ. ಐಪಿ ನಂಬರ್ ಬರೆದಿಡಬೇಡಿ. ಅವರ ಸರ್ವರ್‌ಗಳು ಬದಲಾಗುತ್ತಲೇ ಇರುತ್ತವೆ, ಇವತ್ತು ಬಂದದ್ದು ಬರುವ ತಿಂಗಳು ನಿಂತುಹೋಗುತ್ತದೆ.

ಕಾಫಿ ಲೆಕ್ಕ:
ಹುಡುಕಿದೆ. ಕುಶಾಲನಗರ ಕೇಬಲ್ ಹೇಳಿದ್ದೇ ಸರಿ. ಅಪ್ಲಿಕೇಶನ್ ಫಿಲ್ಟರ್, ರಿಮೋಟ್ ಆಕ್ಸೆಸ್, ಡಿನೈ. ಸಾಲು ಸಾಲು ಕೆಂಪು. ಈಗ ಆ ಗುಂಪನ್ನು ಪೂರ್ತಿ ಬಿಟ್ಟುಬಿಡಲಾ?

ಕುಶಾಲನಗರ ಕೇಬಲ್:
ಪೂರ್ತಿ ಬಿಡಬೇಡಿ ಮಾರಾಯ್ರೆ. ಮೇಲೆ ಒಂದು ರೂಲ್ ಹಾಕಿ: ನಿಮ್ಮ ಒಂದು ಕಂಪ್ಯೂಟರಿನಿಂದ, ಎನಿಡೆಸ್ಕ್ ಒಂದಕ್ಕೆ, ಅಲೋ. ಕೆಳಗಿನ ಡಿನೈ ಹಾಗೇ ಇರಲಿ. ರೂಲ್‌ಗಳನ್ನು ಡಬ್ಬ ಮೇಲಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ್ದು ಗೆಲ್ಲುತ್ತದೆ. ನಿಮ್ಮ ಅಲೋ ಡಿನೈ ಕೆಳಗೆ ಬಿದ್ದರೆ ಇದ್ದೂ ಇಲ್ಲದ ಹಾಗೆ.

ಮಡಿಕೇರಿ ಮಂಜು:
ಆ ಕಂಪ್ಯೂಟರಿಗೆ, ಐಪಿ ಹಂಚುವ ಡಿಎಚ್‌ಸಿಪಿಯಲ್ಲಿ ಐಪಿ ರಿಸರ್ವ್ ಕೂಡ ಮಾಡಿ. ಇಲ್ಲದಿದ್ದರೆ ನಾಳೆ ಕರೆಂಟ್ ಹೋಗಿ ಬಂದಮೇಲೆ ನಿಮ್ಮ ಐಪಿ ಗೋದಾಮಿನ ಹುಡುಗನ ಕಂಪ್ಯೂಟರಿಗೆ ಹೋಗಿರುತ್ತದೆ.

ಮಳೆಮಾಪಕ:
ಕರೆಂಟ್ ಅಂದಕೂಡಲೇ ನೆನಪಾಯಿತು. ನಮ್ಮಲ್ಲಿ ಇವತ್ತು ಬೆಳಿಗ್ಗೆ ಮಳೆ 2 ಇಂಚು 85 ಸೆಂಟ್. ನಾಪೋಕ್ಲು ಕಡೆ ಎಷ್ಟು?

ಕರಿಮೆಣಸು:
3 ಇಂಚು 20. ಭಾಗಮಂಡಲದವರು ಇನ್ನೂ ಬಂದಿಲ್ಲ, ಅವರು ಬಂದರೆ ನಾವೆಲ್ಲ ಸುಮ್ಮನಾಗಬೇಕು.

ಹೋಂಸ್ಟೇ ಹುಡುಗ:
ನನಗೆ ಯಾರೂ ಉತ್ತರ ಕೊಟ್ಟಿಲ್ಲ. 33890 ಯಾರಿಗೆ ಗೊತ್ತಾಗುತ್ತದೆ? 65,535 ಪೋರ್ಟಿನಲ್ಲಿ ನನ್ನದೇ ಯಾಕೆ ಹುಡುಕುತ್ತಾರೆ? ಹೋಂಸ್ಟೇಲಿ ಇರೋದು ಬುಕಿಂಗ್ ಪುಸ್ತಕ, ಪಂದಿಕರಿ ಲೆಕ್ಕ. ಕದಿಯಲು ಏನಿದೆ?

ಹಳೇ ಮೋಡೆಮ್:
ನಿಮ್ಮನ್ನು ಯಾರೂ ಹುಡುಕುವುದಿಲ್ಲ. ಎಲ್ಲರನ್ನೂ ಹುಡುಕುತ್ತಾರೆ. ಐಪಿವಿ4ರಲ್ಲಿ ಒಟ್ಟು ಇರುವುದೇ ಸುಮಾರು 430 ಕೋಟಿ ವಿಳಾಸ. ಯಂತ್ರಕ್ಕೆ ಅದು ದೊಡ್ಡ ಊರಲ್ಲ, ದಿನವಿಡೀ ಬಾಗಿಲು ತಟ್ಟುತ್ತಾ ಹೋಗುತ್ತದೆ. ಪೋರ್ಟ್ ಯಾವುದಾದರೂ ಇರಲಿ, ಆ ಕಡೆಯಿಂದ ಬರುವ ಮೊದಲ ಉತ್ತರದಲ್ಲೇ "ನಾನು ರಿಮೋಟ್ ಡೆಸ್ಕ್‌ಟಾಪ್" ಅಂತ ಗೊತ್ತಾಗುತ್ತದೆ. ಶೋಡಾನ್ ಅಂತ ಒಂದು ಹುಡುಕುವ ಸೈಟೇ ಇದೆ, ಅದರಲ್ಲಿ ಲಾಗಿನ್ ಪರದೆಯ ಚಿತ್ರ ಸಮೇತ ಸಿಗುತ್ತದೆ. ಪೋರ್ಟ್ ಬದಲಾಯಿಸಿದರೆ ಸದ್ದು ಕಡಿಮೆಯಾಗುತ್ತದೆ, ನಿಜ. ಕಳ್ಳ ಕಡಿಮೆಯಾಗುವುದಿಲ್ಲ.

ಕದಿಯಲು ಏನಿದೆ ಅಂದಿರಿ. ಕದಿಯುವುದು ಬೇಕಾಗಿಯೇ ಇಲ್ಲ. ನಿಮ್ಮ ಫೈಲುಗಳಿಗೇ ಬೀಗ ಹಾಕಿ ಕೀಲಿಗೆ ದುಡ್ಡು ಕೇಳುತ್ತಾರೆ.

ನಂಬಿಕೆ ಇಲ್ಲದಿದ್ದರೆ ಒಂದು ಕೆಲಸ ಮಾಡಿ. ಇವೆಂಟ್ ವ್ಯೂವರ್ ತೆಗೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸೆಕ್ಯೂರಿಟಿ. 4625 ಅಂತ ಫಿಲ್ಟರ್ ಹಾಕಿ. ಅದು ತಪ್ಪು ಪಾಸ್‌ವರ್ಡಿನ ನಂಬರ್. ಲಾಗಾನ್ ಟೈಪ್ 10 ಇದ್ದರೆ ರಿಮೋಟ್ ಡೆಸ್ಕ್‌ಟಾಪ್.

ಬೆಂಗಳೂರಲ್ಲಿ ಕೊಡಗಿನವ:
ಸಣ್ಣ ತಿದ್ದುಪಡಿ ಸರ್. ಎನ್‌ಎಲ್‌ಎ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ವಿಫಲವಾದ ಲಾಗಿನ್‌ಗಳು ಟೈಪ್ 3 ಅಂತ ಬೀಳುತ್ತವೆ. ಪರದೆ ಬರುವ ಮೊದಲೇ ಪಾಸ್‌ವರ್ಡ್ ಕೇಳುತ್ತದಲ್ಲ, ಅದಕ್ಕೆ. 10 ಮಾತ್ರ ಹುಡುಕಿದರೆ ಏನೂ ಇಲ್ಲ ಅಂತ ಖುಷಿಯಾಗಿ ಮಲಗಿಬಿಡುತ್ತಾರೆ.

ಹಳೇ ಮೋಡೆಮ್:
ಸರಿ ಸರಿ, ಒಪ್ಪಿದೆ. ನಾನು ಕಲಿತ ಕಾಲದಲ್ಲಿ ಎನ್‌ಎಲ್‌ಎ ಇರಲಿಲ್ಲ.

ಟ್ಯಾಲಿ ಅಕ್ಕ:
ಹೋಂಸ್ಟೇ ತಮ್ಮ, ನನ್ನ ಕತೆ ಕೇಳು. ಮೊದಲು ನಾನಿದ್ದ ಆಫೀಸು. ಹೆಸರು ಬೇಡ. ಜನವರಿ, ಕಾಫಿ ಕೊಯ್ಲು ಜೋರು, ಶನಿವಾರ ಬಟವಾಡೆ. ಬೆಳಿಗ್ಗೆ ಎಂಟಕ್ಕೆ ಹೋಗಿ ಕಂಪ್ಯೂಟರ್ ಹಾಕಿದೆ. ಡೆಸ್ಕ್‌ಟಾಪಿನ ಐಕಾನ್ ಎಲ್ಲಾ ಬಿಳಿ ಕಾಗದದ ಹಾಗೆ. ಪ್ರತಿ ಫೈಲಿನ ಹೆಸರಿಗೂ ಉದ್ದದ ಬಾಲ. ಮಧ್ಯದಲ್ಲಿ ಒಂದು ನೋಟ್‌ಪ್ಯಾಡ್ ಫೈಲು, ದುಡ್ಡು ಕೊಡಿ ಅಂತ. ಹೊರಗೆ ಕೂಲಿಯವರು ಬಂದು ಕೂತಿದ್ದಾರೆ. ಯಾರಿಗೆ ಎಷ್ಟು ಅಡ್ವಾನ್ಸ್ ಕೊಟ್ಟಿದೆ ಅನ್ನುವುದೇ ಗೊತ್ತಿಲ್ಲ.

ಬ್ಯಾಕಪ್ ಇತ್ತು. ಎಲ್ಲಿ? ಅದೇ ಸರ್ವರಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕಿನಲ್ಲಿ. ಅದಕ್ಕೂ ಬೀಗ. ಕಡೆಗೆ ನಮ್ಮನ್ನು ಕಾಪಾಡಿದ್ದು ರೈಟರ್ ಕೈಯಲ್ಲಿ ಬರೆಯುತ್ತಿದ್ದ ಚೆಕ್‌ರೋಲ್ (ಕೂಲಿ ಹಾಜರಿ) ಪುಸ್ತಕ, ಮತ್ತೆ ನನ್ನ ಬ್ಯಾಗಿನಲ್ಲಿ ಮರೆತುಹೋಗಿದ್ದ ಒಂದು ಪೆನ್‌ಡ್ರೈವ್. ಹನ್ನೊಂದು ದಿನ ಹಳೆಯದು. ಆ ಹನ್ನೊಂದು ದಿನವನ್ನು ರಾತ್ರಿ ಕೂತು ಮತ್ತೆ ಹೊಡೆದೆವು. ಆಮೇಲೆ ನೋಡಿದರೆ ಬಂದ ದಾರಿ ಇದೇ 3389. ಪಾಸ್‌ವರ್ಡ್ ಊರಿನ ಹೆಸರು, ಮುಂದೆ 123.

ಹೋಂಸ್ಟೇ ಹುಡುಗ:
ಅಕ್ಕ, ನನ್ನದೂ ಊರಿನ ಹೆಸರೇ. 123 ಇಲ್ಲ ಅಷ್ಟೆ. ಇವತ್ತು ರಾತ್ರಿ ನೋಡುತ್ತೇನೆ.

ಕಾಫಿ ಲೆಕ್ಕ:
ನಾನೂ 4625 ನೋಡಿದೆ. ನಮ್ಮಲ್ಲಿ ಏನೂ ಇರುವುದಿಲ್ಲ, ನಾವು ಫಾರ್ವರ್ಡೇ ಮಾಡಿಲ್ಲ ಅಂದುಕೊಂಡಿದ್ದೆ. ಪುಟ ತೆರೆದ ತಕ್ಷಣ ಕೈ ತಣ್ಣಗಾಯಿತು. ಮೌಸ್ ಚಕ್ರ ತಿರುಗಿಸಿದಷ್ಟೂ ಮುಗಿಯುವುದಿಲ್ಲ. ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಟೆಸ್ಟ್, ಯೂಸರ್1, ಅಕೌಂಟ್ಸ್, ಟ್ಯಾಲಿ. ಎರಡು ಮೂರು ಸೆಕೆಂಡಿಗೊಂದು. ರಾತ್ರಿ ಎರಡು ಗಂಟೆಗೂ ಇದೆ, ಭಾನುವಾರವೂ ಇದೆ.

ಡಬ್ಬದ ಪೇಜಿಗೆ ಹೋಗಿ ಫಾರ್ವರ್ಡ್ ಪಟ್ಟಿ ತೆಗೆದೆ. ಅಲ್ಲಿದೆ ಒಂದು ಸಾಲು. ಹೊರಗಿನ 3389, ಒಳಗಿನ ಸರ್ವರ್, 3389. ಹೆಸರು "ಟೆಂಪ್". 2020ರ ಲಾಕ್‌ಡೌನ್‌ನಲ್ಲಿ ಮಾಡಿದ್ದು ಇರಬೇಕು, ಆಗ ನಾನು ಈ ಆಫೀಸಿನಲ್ಲಿ ಇರಲಿಲ್ಲ. ಅಂದರೆ ಆ ಪುಣ್ಯಾತ್ಮರು ಫೋನಿನಲ್ಲಿ ಮಾಡಿ ಅಂದದ್ದು, ಅವರೇ ಮೊದಲೇ ಮಾಡಿಟ್ಟಿದ್ದರು.

ಮಡಿಕೇರಿ ಮಂಜು:
ಟೆಂಪ್!! ತಾತ್ಕಾಲಿಕ ಅಂತ ಹಾಕಿದ್ದು ಕಂಪ್ಯೂಟರಿನಲ್ಲಿ ಯಾವತ್ತೂ ಹೋಗುವುದಿಲ್ಲ. ಅಳಿಸಿ ಮೊದಲು.

ಹಳೇ ಮೋಡೆಮ್:
ಅಳಿಸುವ ಮೊದಲು ಆ ಪುಟದ ಫೋಟೋ ತೆಗೆದಿಡಿ, ಲಾಗ್ ಸೇವ್ ಮಾಡಿ. ಆಮೇಲೆ 4624 ಫಿಲ್ಟರ್ ಹಾಕಿ. ಅದು ಯಶಸ್ವಿ ಲಾಗಿನ್. ಗುರುತಿಲ್ಲದ ಹೊರಗಿನ ಐಪಿಯಿಂದ ಒಂದಾದರೂ ಇದ್ದರೆ ಮಾತು ಬೇರೆಯಾಗುತ್ತದೆ. ಆಗ ಸರ್ವರನ್ನು ನೆಟ್‌ನಿಂದ ಕಿತ್ತು ಪಕ್ಕಕ್ಕಿಡಬೇಕು. ಎಲ್ಲಾ ಪಾಸ್‌ವರ್ಡ್ ಬದಲಾಯಿಸಿ. ಹೊಸ ಯೂಸರ್ ಯಾರಾದರೂ ಸೇರಿಕೊಂಡಿದ್ದಾರಾ ಅಂತಲೂ ನೋಡಿ.

ಬೆಂಗಳೂರಲ್ಲಿ ಕೊಡಗಿನವ:
ಇನ್ನೊಂದು ಮಾತು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಇದೆ. ಕಂಪನಿಗಳು ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಸಣ್ಣ ಆಫೀಸುಗಳಲ್ಲಿ ಇದು ಯಾರಿಗೂ ಗೊತ್ತಿಲ್ಲ. ಡಬ್ಬದ ಸ್ವಂತ ಮೆಮೊರಿಯಲ್ಲಿ ಸ್ವಲ್ಪ ದಿನದ ಲಾಗ್ ಮಾತ್ರ ನಿಲ್ಲುತ್ತದೆ, ಅದನ್ನು ಬೇರೆ ಕಡೆ ಕಳಿಸುವ ವ್ಯವಸ್ಥೆ ಮಾಡಿಕೊಳ್ಳಿ.

ಕರಿಮೆಣಸು:
6 ಗಂಟೆ! ನಮ್ಮಲ್ಲಿ ಲೈನ್‌ಮ್ಯಾನ್ ಬರಲು ಅದಕ್ಕಿಂತ ಜಾಸ್ತಿ ಬೇಕು.

ಕಾಫಿ ಲೆಕ್ಕ:
4624ರಲ್ಲಿ ಎರಡು ಗಂಟೆ ಕೂತು ನೋಡಿದೆ. ಇಟ್ಟಿರುವ ಲಾಗಿನಲ್ಲಿ ಎಲ್ಲಾ ನಮ್ಮವರೇ. ಯೂಸರ್ ಪಟ್ಟಿಯಲ್ಲೂ ಹೊಸಬರಿಲ್ಲ. ಹಾಗಂತ ನೆಮ್ಮದಿ ಇಲ್ಲ, ಲಾಗ್ ಹಿಂದಕ್ಕೆ ಹೋಗುವುದು ಒಂಬತ್ತು ದಿನ ಮಾತ್ರ. ಈ 4625ಗಳೇ ತುಂಬಿ ಹಳೆಯದನ್ನು ತಳ್ಳಿಹಾಕಿವೆ. ಟೆಂಪ್ ಅಳಿಸಿದೆ. ಪಾಸ್‌ವರ್ಡ್ ಎಲ್ಲಾ ಬದಲಾಯಿತು, ಸಾಹುಕಾರರಿಗೆ ಅವರದ್ದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮಾನಿಟರಿಗೇ ಅಂಟಿಸಿದರು. ಅದಕ್ಕೆ ಯಾವ ಫೈರ್‌ವಾಲ್ ಇದೆ ಹೇಳಿ.

ಈಗ ನಿಜವಾದ ಪ್ರಶ್ನೆ. ಎನಿಡೆಸ್ಕ್ ಒಂದೇ ಸಾಕಾ, ಬೇರೆ ಏನಾದರೂ ಮಾಡಬೇಕಾ?

ಟ್ಯಾಲಿ ಅಕ್ಕ:
ಎನಿಡೆಸ್ಕ್, ಟೀಮ್‌ವ್ಯೂವರ್ ಪುಕ್ಕಟೆ ಸಿಗುವುದು ಸ್ವಂತ ಬಳಕೆಗೆ ಮಾತ್ರ. ಆಫೀಸಿಗೆ ಲೈಸೆನ್ಸ್ ಬೇಕು. ಸುಮ್ನೆ ಹಾಕಿಕೊಂಡರೆ ಒಂದು ದಿನ ಕೆಲಸದ ಮಧ್ಯೆ "ವ್ಯಾಪಾರಕ್ಕೆ ಬಳಸುತ್ತಿದ್ದೀರಿ" ಅಂತ ನಿಲ್ಲಿಸುತ್ತಾರೆ. ಅದೂ ಜಿಎಸ್‌ಟಿ ಕೊನೇ ದಿನವೇ ಆಗುತ್ತದೆ.

ಆಮೇಲೆ ಆಡಿಟರ್. ಅವರಿಗೆ ಬೇಕಿರುವುದು ಡೇಟಾ, ನಿಮ್ಮ ಸರ್ವರ್ ಅಲ್ಲ. ಟ್ಯಾಲಿ ಬ್ಯಾಕಪ್ ತೆಗೆದು, ಪಾಸ್‌ವರ್ಡ್ ಹಾಕಿ ಕಳಿಸಿ. ಅವರ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿಕೊಳ್ಳಲಿ. ನಾನು ಆರು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ, ಯಾವ ಆಡಿಟರೂ ಸತ್ತಿಲ್ಲ.

ಹಳೇ ಮೋಡೆಮ್:
ಅಕ್ಕ ಹೇಳಿದ್ದು ಬಂಗಾರದಂಥ ಮಾತು. ಲಾಗಿನ್ ಕಡಿಮೆಯಾದಷ್ಟೂ ತಲೆನೋವು ಕಡಿಮೆ. ದಿನಾ ಕೆಲಸಕ್ಕೆ ನೀವೊಬ್ಬರೇ ಆದರೆ ವಿಪಿಎನ್ ಮಾಡಿ, ಅಂದರೆ ಇಂಟರ್ನೆಟ್ ಒಳಗೇ ಬೀಗ ಹಾಕಿದ ಖಾಸಗಿ ದಾರಿ. ಮೊದಲು ವಿಪಿಎನ್, ಅದರ ಒಳಗೆ ರಿಮೋಟ್ ಡೆಸ್ಕ್‌ಟಾಪ್. ಸರ್ವರಿನ ವಿಂಡೋಸ್ ಫೈರ್‌ವಾಲಿನಲ್ಲೂ 3389 ರೂಲಿನ ಒಳಗೆ ಹೋಗಿ, ಸ್ಕೋಪ್ ಅನ್ನುವಲ್ಲಿ ವಿಪಿಎನ್ ವಿಳಾಸಗಳನ್ನು ಮಾತ್ರ ಬರೆಯಿರಿ. ಆಗ ಗೋದಾಮಿನ ಕಂಪ್ಯೂಟರಿಗೆ ಏನೋ ಹುಳ ಹೊಕ್ಕರೂ ಸರ್ವರಿನ ರಿಮೋಟ್ ಡೆಸ್ಕ್‌ಟಾಪ್ ಅದಕ್ಕೆ ಸಿಗುವುದಿಲ್ಲ.

ವಿಪಿಎನ್‌ಗಳಲ್ಲಿ ನನಗೆ ವೈರ್‌ಗಾರ್ಡ್ ಇಷ್ಟ. ಅದರ ಪೋರ್ಟ್ ಯುಡಿಪಿ 51820. ಕೀಲಿ ಇಲ್ಲದವನು ತಟ್ಟಿದರೆ ಅದು "ಇಲ್ಲ" ಅಂತಲೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ಹೊರಗಿನವರಿಗೆ ಅಲ್ಲಿ ಬಾಗಿಲಿದೆ ಅಂತಲೇ ಗೊತ್ತಾಗುವುದಿಲ್ಲ.

ಕಾಫಿ ಲೆಕ್ಕ:
ನಮ್ಮಲ್ಲಿ ಎರಡು ಲೈನ್ ಇದೆ ಸರ್. ಒಂದು ಫೈಬರ್, ಸ್ಥಿರ ಐಪಿ ಇದೆ. ಮರ ಬಿದ್ದು ಅದು ಹೋದರೆ ಸಿಮ್ ಹಾಕಿದ 4ಜಿ ಡಬ್ಬಕ್ಕೆ ತಾನಾಗಿಯೇ ಹೋಗುತ್ತದೆ. ಮಳೆಗಾಲದಲ್ಲಿ ಅರ್ಧ ದಿನ ಅದರಲ್ಲೇ. ಆಗಲೂ ವಿಪಿಎನ್ ಬರುತ್ತದಾ? ಅದರ ಪೇಜಿನಲ್ಲಿ ವ್ಯಾನ್ (ಹೊರಗಿನ) ಐಪಿ 100.81ರಿಂದ ಶುರುವಾಗುತ್ತದೆ. ಗೂಗಲ್‌ನಲ್ಲಿ ನನ್ನ ಐಪಿ ಯಾವುದು ಅಂತ ಕೇಳಿದರೆ ಬೇರೆಯೇ ತೋರಿಸುತ್ತದೆ.

ಕುಶಾಲನಗರ ಕೇಬಲ್:
ಅದು ಸಿಜಿನ್ಯಾಟ್. 100.64ರಿಂದ 100.127ರವರೆಗೆ ಇರುವುದೆಲ್ಲ ಅದಕ್ಕೆ ಮೀಸಲು. ತೋಟದ ಕೂಲಿಯವರ ಲೈನ್ ಮನೆ ಅಂದುಕೊಳ್ಳಿ, ಹತ್ತು ಮನೆಗೆ ಒಂದೇ ಅಂಚೆ ಪೆಟ್ಟಿಗೆ. ನೀವು ಹಾಕಿದ ಕಾಗದ ಹೋಗುತ್ತದೆ, ಅದಕ್ಕೆ ಉತ್ತರವೂ ಬರುತ್ತದೆ. ಆದರೆ ಹೊರಗಿನವನು ತಾನಾಗಿ ನಿಮ್ಮ ಮನೆಗೇ ಬರೆಯಲು ವಿಳಾಸವಿಲ್ಲ. ಆ ಲೈನಿನಲ್ಲಿ ಫಾರ್ವರ್ಡ್ ಎಷ್ಟು ಮಾಡಿದರೂ ವ್ಯರ್ಥ. ನಮ್ಮ ಗ್ರಾಹಕರು ತಿಂಗಳಿಗೊಬ್ಬರು ಇದೇ ವಿಷಯಕ್ಕೆ ನನ್ನ ಹತ್ತಿರ ಜಗಳಕ್ಕೆ ಬರುತ್ತಾರೆ, ಸಿಸಿಟಿವಿ ಬರುತ್ತಿಲ್ಲ ಅಂತ.

ಬೆಂಗಳೂರಲ್ಲಿ ಕೊಡಗಿನವ:
ಟೇಲ್‌ಸ್ಕೇಲ್ ಅನ್ನುವ ವಿಪಿಎನ್ ಸೇವೆ ಹಾಕಿ ಮುಗಿಸಿ. ಒಳಗೆ ವೈರ್‌ಗಾರ್ಡೇ. ಎರಡೂ ಕಡೆಯಿಂದ ಹೊರಗೆ ಹೋಗಿ ಭೇಟಿಯಾಗುತ್ತವೆ, ನೇರ ದಾರಿ ಸಿಗದಿದ್ದರೆ 443ರಲ್ಲಿ ಅವರ ರಿಲೇ ಮೂಲಕ ಹೋಗುತ್ತದೆ. ಅದೂ 100ರಿಂದಲೇ ಐಪಿ ಕೊಡುತ್ತದೆ, ಅದನ್ನು ನೋಡಿ ಸಿಜಿನ್ಯಾಟ್ ಅಂತ ಗಾಬರಿಯಾಗಬೇಡಿ.

ಹಳೇ ಮೋಡೆಮ್:
ನನಗೆ ಇನ್ನೊಬ್ಬರ ಖಾತೆ ನಂಬಿ ಆಫೀಸು ನಡೆಸುವುದು ಇಷ್ಟವಿಲ್ಲ. 2024ರ ಫೆಬ್ರವರಿಯಲ್ಲಿ ಎನಿಡೆಸ್ಕ್ ಕಂಪನಿಯೇ ತನ್ನ ಸರ್ವರ್‌ಗಳಿಗೆ ಯಾರೋ ನುಗ್ಗಿದ್ದರು ಅಂತ ಪ್ರಕಟಿಸಿ, ವೆಬ್‌ಸೈಟಿನ ಪಾಸ್‌ವರ್ಡುಗಳನ್ನೂ ಸರ್ಟಿಫಿಕೇಟನ್ನೂ ರದ್ದು ಮಾಡಬೇಕಾಯಿತು. ದೊಡ್ಡವರಿಗೂ ಆಗುತ್ತದೆ. ತಿಂಗಳಿಗೆ ಕೆಲವು ನೂರು ರೂಪಾಯಿಗೆ ಒಂದು ಸಣ್ಣ ಬಾಡಿಗೆ ಸರ್ವರ್ ತಗೊಳ್ಳಿ. ಅದರಲ್ಲಿ ವೈರ್‌ಗಾರ್ಡ್. ಆಫೀಸೂ ಮನೆಯೂ ಅಲ್ಲಿಗೆ ಹೋಗಲಿ. ಫೈಬರ್ ಇರಲಿ, ಸಿಮ್ ಇರಲಿ, ಎರಡೂ ಹೊರಗೆ ಹೋಗುವ ದಾರಿಯೇ.

ಬೆಂಗಳೂರಲ್ಲಿ ಕೊಡಗಿನವ:
ಆ ಬಾಡಿಗೆ ಸರ್ವರನ್ನು ಅಪ್‌ಡೇಟ್ ಮಾಡುವವರು ಯಾರು ಸರ್? ಲೆಕ್ಕ ಬರೆಯುವವರಾ? ನೀವು ನಂಬದ ಕಂಪನಿಯಲ್ಲಿ ಅದಕ್ಕೇ ಸಂಬಳ ತೆಗೆದುಕೊಳ್ಳುವವರು ಇದ್ದಾರೆ. ಮೂರು ವರ್ಷ ಅಪ್‌ಡೇಟ್ ಇಲ್ಲದ ಸ್ವಂತ ಸರ್ವರಿಗಿಂತ ಅದೇ ಮೇಲು.

ಹಳೇ ಮೋಡೆಮ್:
ಅಪ್‌ಡೇಟ್ ತಾನಾಗಿಯೇ ಆಗುವ ಹಾಗೆ ಇಡಬಹುದು. ಅವರಿಗೆ ನಾನು ಭಾನುವಾರ ಫೋನಿನಲ್ಲಿ ಮಾಡಿಸಿಕೊಡುತ್ತೇನೆ. ಆಯಿತಾ?

ಮಳೆಮಾಪಕ:
ಈ ಜಗಳ ನೋಡಿದರೆ ರೊಬಸ್ಟಾ ಅರೇಬಿಕಾ ಜಗಳ ನೆನಪಾಗುತ್ತದೆ.

ಕರಿಮೆಣಸು:
ಸ್ವಲ್ಪ ಬೇರೆ ವಿಷಯ, ಆದರೂ ಹೇಳಬೇಕು. ನಮ್ಮ ಮಾವನಿಗೆ ಕೆವೈಸಿ ಅಂತ ಫೋನ್ ಬಂತು. ಇದೇ ರಿಮೋಟ್ ಆ್ಯಪ್ ಹಾಕಿಸಿ, ಒಂಬತ್ತು ಅಂಕಿ ಓದಿ ಹೇಳಿ ಅಂದರು. ಮಾವ ಓದಿದರು. ಅವರ ಕಣ್ಣೆದುರೇ ಮೊಬೈಲ್ ಪರದೆ ತಾನಾಗಿ ಓಡಾಡುತ್ತಿತ್ತಂತೆ. "ಬ್ಯಾಂಕಿನವರು ಎಷ್ಟು ಚುರುಕು" ಅಂದುಕೊಂಡರಂತೆ! ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಫೋನ್ ಮಾಡಿದ್ದಕ್ಕೆ ಅರ್ಧ ಉಳಿಯಿತು. ಆರ್‌ಬಿಐ 2019ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು, ಮಾವನಿಗೆ ತಲುಪಿರಲಿಲ್ಲ.

ಟ್ಯಾಲಿ ಅಕ್ಕ:
ಅಯ್ಯೋ. ಆಫೀಸಿನ ಫೈರ್‌ವಾಲ್‌ನಲ್ಲಿ ಆ ಗುಂಪನ್ನು ಯಾಕೆ ತಡೆದಿರುತ್ತಾರೆ ಅಂತ ಈಗ ಗೊತ್ತಾಯಿತಲ್ಲ. ಮುಂದಿನ ಮೇಜಿನ ಹುಡುಗಿಗೂ ಇಂಥ ಫೋನ್ ಬರುತ್ತದೆ.

ಕಾಫಿ ಲೆಕ್ಕ:
ಭಾನುವಾರದ ವರದಿ. ಹಳೇ ಮೋಡೆಮ್ ಸರ್ ಮೂರು ಗಂಟೆ ಫೋನಿನಲ್ಲಿದ್ದರು. ಅವರ ಮನೆಯಲ್ಲಿ ಊಟಕ್ಕೆ ಕರೆಯುವ ಸದ್ದು ನಾಲ್ಕು ಸಲ ಕೇಳಿತು.

ವೈರ್‌ಗಾರ್ಡ್ ಹಾಕಿಯಾಯಿತು. ಮೊದಲು ಏನೂ ಬರಲಿಲ್ಲ, ನಮ್ಮ ಡಬ್ಬ ಹೊರಗೆ ಹೋಗುವ ಯುಡಿಪಿಯನ್ನೂ ತಡೆಯುತ್ತಿತ್ತು. ಸರ್ವರಿನಿಂದ ಆ ಒಂದು ಬಾಡಿಗೆ ಐಪಿಗೆ 51820 ಮಾತ್ರ ಬಿಟ್ಟೆ. ಎರಡೂ ಕಡೆ ಕೈಕುಲುಕಿ ಕನೆಕ್ಟ್ ಆಯಿತು. ಕೀಪ್‌ಅಲೈವ್ 25 ಸೆಕೆಂಡ್ ಹಾಕಿದೆ, ಇಲ್ಲದಿದ್ದರೆ ಸಿಮ್ ಲೈನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರೆ ದಾರಿ ಮುಚ್ಚಿಹೋಗುತ್ತದಂತೆ.

ಆಮೇಲೆ ಮನೆಗೆ ಹೋಗಿ ಹಾಕಿದರೆ ವಿಪಿಎನ್ ಹಸಿರು, ಸರ್ವರ್ ಮಾತ್ರ ಇಲ್ಲ. ಒಂದು ಗಂಟೆ ತಲೆ ಚಚ್ಚಿಕೊಂಡೆ.

ಮಡಿಕೇರಿ ಮಂಜು:
ಎರಡೂ ಕಡೆ 192.168.1 ತಾನೇ?

ಕಾಫಿ ಲೆಕ್ಕ:
ಹೇಗೆ ಗೊತ್ತಾಯಿತು? ಹೌದು! ಮನೆಯ ರೂಟರೂ 192.168.1, ಆಫೀಸೂ 192.168.1. ನಾನು ಸರ್ವರ್ 192.168.1.10 ಅಂತ ಕೇಳಿದರೆ ಲ್ಯಾಪ್‌ಟಾಪ್ ಅದನ್ನು ಮನೆಯೊಳಗೇ ಹುಡುಕುತ್ತದೆ. ಮನೆಯಲ್ಲಿ 10ನೇ ನಂಬರ್ ಟಿವಿ. ನಾನು ಅಷ್ಟು ಹೊತ್ತು ಟಿವಿಗೆ ಟ್ಯಾಲಿ ಕೇಳುತ್ತಿದ್ದೆ. ಮನೆಯ ರೂಟರನ್ನು 192.168.57 ಮಾಡಿದೆ, ಬಂತು.

ಬೆಂಗಳೂರಲ್ಲಿ ಕೊಡಗಿನವ:
ಸದ್ಯಕ್ಕೆ ಸರಿ. ಆದರೆ ಆಫೀಸಿನದ್ದನ್ನೂ ಒಂದು ದಿನ ಬದಲಾಯಿಸಿ. ನಾಳೆ ಯಾರದೋ ಮನೆಯಲ್ಲಿ ಕೂತು ಹಾಕುತ್ತೀರಿ, ಅಲ್ಲೂ 192.168.1 ಇರುತ್ತದೆ. ಲಾಗಿನ್ ಆದಮೇಲೆ ಕರಿ ಪರದೆ ಬಂದು ನಿಂತರೆ ಎಂಟಿಯು (ಒಂದು ಸಲಕ್ಕೆ ಹೋಗುವ ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಇಳಿಸಿ ನೋಡಿ. ವೈರ್‌ಗಾರ್ಡ್ ತಾನಾಗಿ 1420 ಹಾಕಿಕೊಳ್ಳುತ್ತದೆ, ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಪಿಪಿಪಿಒಇ ಲೈನಿನಲ್ಲಿ 1412 ಬೇಕು.

ಹೋಂಸ್ಟೇ ಹುಡುಗ:
ಒಂದು ಸಂಶಯ. ಸರ್ವರಿಗೆ ಒಂದೇ ಸಲ ಐದಾರು ಜನ ಬರಬೇಕಾದರೆ? ಯೂಟ್ಯೂಬ್‌ನಲ್ಲಿ ಒಂದು ಸಣ್ಣ ಫೈಲ್ ಬದಲಾಯಿಸಿದರೆ ಎಷ್ಟು ಜನ ಬೇಕಾದರೂ ಬರಬಹುದು ಅಂತ ಇದೆ.

ಟ್ಯಾಲಿ ಅಕ್ಕ:
ಅದು ಕಳ್ಳದಾರಿ ತಮ್ಮ. ವಿಂಡೋಸ್ ಸರ್ವರಿನಲ್ಲಿ ಮೇಲ್ವಿಚಾರಣೆಗೆ ಅಂತ ಇಬ್ಬರಿಗೆ ಬಿಟ್ಟಿದ್ದಾರೆ. ಅದಕ್ಕಿಂತ ಜಾಸ್ತಿ ಬೇಕಾದರೆ ಲೈಸೆನ್ಸ್ ಕೊಳ್ಳಬೇಕು. ಟ್ಯಾಲಿಯೂ ಹಾಗೇ, ಸಿಲ್ವರ್ ಒಬ್ಬರಿಗೆ, ಗೋಲ್ಡ್ ಹಲವರಿಗೆ. ಅದಿರಲಿ, ನಿನ್ನ 33890 ಏನಾಯಿತು?

ಹೋಂಸ್ಟೇ ಹುಡುಗ:
ಮುಚ್ಚಿದೆ ಅಕ್ಕ. ಲಾಗ್ ನೋಡಿದೆ. ಎಷ್ಟಿತ್ತು ಅಂತ ಹೇಳುವುದಿಲ್ಲ. ರಾತ್ರಿ ನಿದ್ದೆ ಬರಲಿಲ್ಲ.

ಹಳೇ ಮೋಡೆಮ್:
ಕಾಫಿ ಲೆಕ್ಕ ಅವರೇ, ಒಂದು ಮರೆತೆ. ಕರೆಂಟ್ ಹೋಗಿ ಯುಪಿಎಸ್ ಖಾಲಿಯಾದರೆ ಸರ್ವರ್ ಆಫ್ ಆಗುತ್ತದೆ. ಕರೆಂಟ್ ಬಂದಮೇಲೆ ಬಟನ್ ಒತ್ತಲು ನೀವು ಶ್ರೀಮಂಗಲದಿಂದ ಹೋಗುವುದಾದರೆ ಇಷ್ಟೆಲ್ಲ ಮಾಡಿ ಏನು ಬಂತು? ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬಯೋಸ್‌ನಲ್ಲಿ, ಕರೆಂಟ್ ಹೋಗಿ ಬಂದರೆ ಏನು ಮಾಡಬೇಕು ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಪವರ್ ಆನ್ ಮಾಡಿ. ವೈರ್‌ಗಾರ್ಡ್ ಸರ್ವಿಸ್ ಕೂಡ ಲಾಗಿನ್‌ಗೆ ಕಾಯದೆ ತಾನಾಗಿ ಏಳುತ್ತದಾ ಅಂತ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ಕಾಫಿ ಲೆಕ್ಕ:
ಮಾಡಿದೆ ಸರ್. ಮೇನ್ ಸ್ವಿಚ್ಚೇ ಆಫ್ ಮಾಡಿ ಹಾಕಿದೆ. ನಾಲ್ಕು ನಿಮಿಷಕ್ಕೆ ತಾನಾಗಿ ಎದ್ದು ಬಂತು. ಆಡಿಟರ್‌ಗೆ ಅಕ್ಕ ಹೇಳಿದ ಹಾಗೆ ಬ್ಯಾಕಪ್ ಕಳಿಸಿದೆ. "ಇದೇ ಸಾಕಿತ್ತಲ್ಲ" ಅಂದರು. ಮತ್ತೆ ಅಷ್ಟು ದಿನ ಲಾಗಿನ್ ಲಾಗಿನ್ ಅಂತ ಯಾಕೆ ಕುಣಿದರೋ!

ಮಳೆಮಾಪಕ:
ಇವತ್ತು 4 ಇಂಚು 10 ಸೆಂಟ್. ಕಾಫಿ ಲೆಕ್ಕ ಅವರೇ, ನಿಮ್ಮ ಕಡೆ ರಸ್ತೆಗೆ ಮರ ಬಿದ್ದಿದೆ ಅಂತ ಸುದ್ದಿ. ವಿಪಿಎನ್ ಹೇಗಿದೆ?

ಕಾಫಿ ಲೆಕ್ಕ:
ವಿಪಿಎನ್ ಚೆನ್ನಾಗಿದೆ. ಆಫೀಸೂ ಇದೆ, ಸರ್ವರೂ ಇದೆ. ನಮ್ಮನೆಯಲ್ಲಿ ಕರೆಂಟ್ ಇಲ್ಲ, ಲ್ಯಾಪ್‌ಟಾಪ್ 11 ಪರ್ಸೆಂಟ್. ಇದನ್ನು ಮೊಬೈಲಿನಲ್ಲಿ ಬರೆಯುತ್ತಿದ್ದೇನೆ.